ಚೀಟಿ ಎಲ್ಲಿ?

ಇಮ್ತಿಯಾಜ್, ನೀನು ಕಳಿಸಿದ ಕೋಡ್ ಚೆನ್ನಾಗಿದೆ.
ಸೇರಿಸಿಲ್ಲ. ಚೀಟಿ ಎಲ್ಲಿ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಚೀಟಿಯಿಲ್ಲದ ಲಾಟನ್ನು ಯಾರೂ ಮುಟ್ಟುವುದಿಲ್ಲ, ನಿನಗೇ ಗೊತ್ತು.
ಗೂಡು ಎಷ್ಟೇ ಗಟ್ಟಿಯಿರಲಿ,
ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸುವ ನಿಮ್ಮ ಅಬ್ಬಾ ಕೂಡ
ಮೊದಲು ಓದುವುದು ಜಾಲರಿಗೆ ಸಿಕ್ಕಿಸಿದ ಕಾಗದ.

"ಸಣ್ಣಪುಟ್ಟ ಬದಲಾವಣೆ" ಅಂತ ಬರೆಯಬೇಡ.
ಸಣ್ಣದು ಯಾವುದು, ಪುಟ್ಟದು ಯಾವುದು?
"ಹರಾಜಿನ ಫೈಲು ತಿದ್ದಿದೆ" ಅಂತಲೂ ಬೇಡ.
ರಾತ್ರಿ ಹತ್ತಕ್ಕೆ ಫೋನ್ ಮಾಡುವ ಗಂಜಿಗುಂಟೆಯ ಪಾಪಮ್ಮ
ಫೈಲು ಕಟ್ಟಿಕೊಂಡು ಏನು ಮಾಡಬೇಕು?
ಆಕೆ ಕೇಳುವುದು ಇಷ್ಟೇ: ನಿನ್ನೆ ಹೆಂಗಿತ್ತು, ಇವತ್ತು ಹೆಂಗೈತೆ,
ರೇಟಿನ ಮೆಸೇಜು ನಂಗೆ ಬರ್ತದೋ ಇಲ್ವೋ.

ಮೊದಲು ಒಂದೇ ಪಟ್ಟಿಯಿತ್ತು.
"ಇನ್ನೂ ಬಿಡುಗಡೆಯಾಗದ್ದು" ಎಂಬ ಗೆರೆಯ ಕೆಳಗೆ
ಎಲ್ಲರೂ ಬರೆಯುತ್ತಿದ್ದೆವು.
ಚಿಂತಾಮಣಿಯಿಂದ ಚೌಡರೆಡ್ಡಿಯದೊಂದು ಸಾಲು,
ಅದೇ ಗಳಿಗೆಗೆ ಬಾಗೇಪಲ್ಲಿಯಿಂದ ಹೇಮಾವತಿಯದೊಂದು.
ಬೆಳಿಗ್ಗೆ ನೋಡಿದರೆ
ಎಡಕ್ಕೆ ಮೂತಿ ಮಾಡಿದ ಏಳು ಬಾಣ, ನಡುವೆ ಏಳು ಜೋಡಿಗೆರೆ,
ಬಲಕ್ಕೆ ಮೂತಿ ಮಾಡಿದ ಏಳು ಬಾಣ.
ಯಾರ ಸಾಲೂ ತಪ್ಪಲ್ಲ. ಒಂದೇ ನಲ್ಲಿಗೆ ಎರಡು ಬಿಂದಿಗೆ.
ಜಗಳ ಬಿಡಿಸಲು ಹೋಗಿ ಒಮ್ಮೆ
ಹೇಮಾವತಿಯ ಸಾಲನ್ನೇ ಅಳಿಸಿಬಿಟ್ಟೆ.
ಅವಳು ಒಂದು ಮಾತೂ ಆಡಲಿಲ್ಲ,
ಎರಡು ತಿಂಗಳು ಏನನ್ನೂ ಕಳಿಸಲೂ ಇಲ್ಲ.

ಆಮೇಲೆ ಬಂತು ಈ ಪೆಟ್ಟಿಗೆ. ಒಂದು ಬದಲಾವಣೆಗೆ ಒಂದು ಚೀಟಿ.
ಬಿಡುಗಡೆಯ ಹಿಂದಿನ ರಾತ್ರಿ ಎಲ್ಲವನ್ನೂ ಸುರಿದುಕೊಂಡು
ಹೊಸದು, ಬದಲಾದದ್ದು, ತೆಗೆದದ್ದು, ಸರಿಹೋದದ್ದು ಎಂದು
ವಿಂಗಡಿಸುತ್ತೇನೆ.
ಕೆಳಗೆ ಫಿಲೇಚರಿನ ಬಾಯ್ಲರು ಆರಿರುತ್ತದೆ,
ಬೆಂದ ಹುಳುವಿನ ವಾಸನೆ ಮಾತ್ರ
ಮೆಟ್ಟಿಲು ಹತ್ತಿ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತದೆ.

ನಿನಗೊಂದು ಹೇಳಬೇಕು.
೨.೪ ತೆಗೆದು ನೋಡು, ಕೊನೆಯ ಸಾಲು:
"ತೂಕದ ಲೆಕ್ಕವನ್ನು ಸರಳಗೊಳಿಸಲಾಗಿದೆ."
ಗೊಳಿಸಲಾಗಿದೆ!
ಯಾರು ಗೊಳಿಸಿದ್ದು? ನಾನು.
ಪರದೆ ಚೊಕ್ಕವಾಗಿ ಕಾಣಲೆಂದು
ನೂರು ಗ್ರಾಮಿನ ಕೆಳಗಿನದನ್ನು ಕತ್ತರಿಸಿದ್ದೆ.
ಏಳು ತಿಂಗಳು ಪ್ರತಿ ಲಾಟಿನ ತುದಿ
ಬೆಳೆದವರ ಕೈಯಿಂದ ಜಾರಿ ಕೊಂಡವರ ಬುಟ್ಟಿಗೆ ಬಿತ್ತು.
ನಿಮ್ಮ ಅಬ್ಬಾನ ಬುಟ್ಟಿಗೂ. ಅವರಿಗೆ ಗೊತ್ತಿರಲಿಲ್ಲ.
ಪಾಪಮ್ಮ ಮನೆಯಲ್ಲೇ ತೂಗಿ ತಂದು ಹಿಡಿದಳು:
"ಎಪ್ಪತ್ತು ಗ್ರಾಂ ಎಲ್ಲೋಯ್ತವ್ವ?"

ಸರಿಮಾಡಲು ಎರಡು ನಿಮಿಷ.
ಚೀಟಿಗೆ ನಾಲ್ಕು ದಿನ.
"ತೂಕದ ಲೆಕ್ಕ ಸುಧಾರಿಸಲಾಗಿದೆ." ಅಳಿಸಿದೆ.
"ದಶಾಂಶದ ನಿಖರತೆ ಹೆಚ್ಚಿಸಲಾಗಿದೆ."
ಆಹಾ, ಇದಕ್ಕೆ ಶಾಲು ಹೊದಿಸಬೇಕು.
ಚೌಡರೆಡ್ಡಿ ಅಂದ: ಬಿಡಿ ಮೇಡಂ, ಅದನ್ನೆಲ್ಲ ಯಾರು ಓದ್ತಾರೆ.
ಹೇಮಾವತಿ ಅಂದಳು: ನಾನು ಓದ್ತೀನಿ.

೨.೫ರ ಮೊದಲ ಸಾಲು ಈಗ ಹೀಗಿದೆ:
"ಏಳು ತಿಂಗಳು ತೂಕ ಕಡಿಮೆ ತೋರಿಸಿದ್ದೇವೆ,
ಲಾಟಿಗೆ ನೂರು ಗ್ರಾಮಿನ ಒಳಗೆ. ಮಾಡಿದ್ದು ನಾನು, ೨.೪ರಲ್ಲಿ.
ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿ ಎರಡನೇ ಕೌಂಟರಿನಲ್ಲಿದೆ."
೨.೪ರ ಸಾಲನ್ನು ಮುಟ್ಟಿಲ್ಲ.
ತಿದ್ದಲು ಕೈ ಹೋಗಿತ್ತು, ಎಳೆದುಕೊಂಡೆ.
ಅದು ಅಲ್ಲೇ ಇರಲಿ, ಇಸ್ತ್ರಿ ಹಾಕಿದ ಸುಳ್ಳು,
ಮೇಲಿನ ಸಾಲು ಅದನ್ನು ನೋಡುತ್ತಿರಲಿ.

ನಿನ್ನದನ್ನೂ ಓದಿದೆ, ಇಮ್ತಿಯಾಜ್.
ಎರಡನೇ ಸುತ್ತು ಮುಗಿದ ಮೇಲೂ ಮೂರು ಸೆಕೆಂಡು
ಕೆಲವರ ಮೊಬೈಲಿನಲ್ಲಿ ಹರಾಜು ತೆರೆದೇ ಇರುತ್ತಿತ್ತು.
ಹಾಗೆಂದೇ ಬರಿ.
ಆ ಮೂರು ಸೆಕೆಂಡು ಯಾರಿಗೆ ಒದಗುತ್ತಿತ್ತು, ಅದನ್ನೂ.
ಕೆಳಗೆ ನಿನ್ನ ಹೆಸರು.
ನಾಳೆ ಹತ್ತರೊಳಗೆ.