ಕಾಲಂ ಹದಿನಾಲ್ಕು

ಹರಮಲ್ಲಿನಲ್ಲಿ, ಒಣಮೀನಿನ ವಾಸನೆಗೆ ಬೆನ್ನು ಮಾಡಿ
ಎರಡು ಪ್ಲಾಸ್ಟಿಕ್ ಕುರ್ಚಿ. ನಡುವೆ ನನ್ನ ರೆಕಾರ್ಡರು.

ಹೆಸರು? ದೈವಾ.
ನಾನು ಯಾಕೆ ನಕ್ಕೆನೆಂದು ಅವಳಿಗೆ ತಿಳಿಯಲಿಲ್ಲ.
ಲಿಥುವೇನಿಯಾದಲ್ಲಿ ಅದು ಬರೀ ಹೆಸರು,
ಅವಳ ತರಗತಿಯಲ್ಲೇ ಮೂವರಿದ್ದರಂತೆ.

ಕೊರಳಲ್ಲಿ ತುಳಸಿಮಣಿ, ಕಿವಿಯಲ್ಲಿ
ಸೇಫ್ಟಿಪಿನ್ನು ಚುಚ್ಚಿದ್ದ ಹಳೆಯ ತೂತು.
ಅಪ್ಪನ ಜೇಬಿನಲ್ಲಿ ಪಕ್ಷದ ಕಾರ್ಡು,
ಅಜ್ಜಿಯ ಜಪಸರ ಹಿಟ್ಟಿನ ಡಬ್ಬಿಯ ತಳದಲ್ಲಿ;
ಇಬ್ಬರೂ ಒಂದೇ ಮೇಜಿಗೆ ಕೂತು, ಮಾತಿಲ್ಲದೆ, ಸೂಪು.

'ಆಮೇಲೆ ಪ್ರತಿಮೆ ಇಳಿಸಿದರು.
ಚೌಕಕ್ಕೆ ಎಲ್ಲ ಬಂತು: ಬಾಳೆಹಣ್ಣು, ಬೈಬಲ್ಲು,
ಕೂದಲಿಗೆ ಹಸಿರು ಬಣ್ಣ.
ಕೇಸರಿ ಉಟ್ಟ ಹುಡುಗನೊಬ್ಬ
ಕಾಗದದ ಲೋಟದಲ್ಲಿ ಪಾಯಸ ಕೊಟ್ಟ.
ಹಸಿವಿತ್ತು, ತಿಂದೆ. ಬರೆದುಕೋ, ಹಸಿವಿತ್ತು.'

ಕಾಲಂ ಹದಿನಾಲ್ಕು, ಮತಾಂತರದ ಕಾರಣ:
ಆಧ್ಯಾತ್ಮಿಕ, ರಾಜಕೀಯ, ಕೌಟುಂಬಿಕ, ಇತರೆ.
ಪೆನ್ನು 'ಇತರೆ'ಯ ಮೇಲೆ ನಿಂತಿತು.
ಅಲ್ಲಿ ಬರೆಯಲು ಬಿಟ್ಟ ಜಾಗ ಒಂದು ಬೆರಳಗಲ.

ಅಷ್ಟರಲ್ಲಿ ಥಾವ್ರಿಬಾಯಿ, ತೋಳು ತುಂಬ ಸರಗಳು,
ದೈವಾಳ ಜೊತೆ ರಷ್ಯನ್ನಿನಲ್ಲಿ ಚೌಕಾಸಿ ಮುಗಿಸಿ
(ಒಬ್ಬಳಿಗೆ ಅದು ಶಾಲೆಯ ಬೆತ್ತ, ಇನ್ನೊಬ್ಬಳಿಗೆ ರೊಟ್ಟಿ)
ನನ್ನ ಹಾಳೆಯ ಮೇಲೆ ಬಾಗಿದಳು:
'ಏನ್ ಬರ್ಕೊಳ್ಳಾಕತ್ತೀರಿ ಅಕ್ಕಾರ?'
ಇವರ ದೇವರ ವಿಚಾರ, ಅಂದೆ.
'ಹೌದೇನು. ಇಪ್ಪತ್ತು ವರ್ಷ ಆತು ನಾ ಈ ಉಸುಕಿನ್ಯಾಗ,
ನಮ್ಮ ಸೇವಾಲಾಲನ್ನ ಒಬ್ರೂ ಕೇಳ್ಲಿಲ್ಲ ನೋಡ್ರಿ.
ಇರ್ಲಿ, ನಿಮ್ಮದ್ಯಾವ ದೇವ್ರು?'

ದೈವಾ ಕೂಡ ತಲೆಯೆತ್ತಿದಳು.
ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.
ನಾನು ಬ್ಯಾಟರಿ ನೋಡತೊಡಗಿದೆ.