ಹಿಟ್ಟಿನ ಗಿರಣಿಯ ಕ್ಯಾಲೆಂಡರ್

ಕುತೈಸಿಯಲ್ಲಿ, ರಿಯೋನಿ ಹೊಳೆಯ ಎಡದಂಡೆಯಲ್ಲಿ
ನಾಲ್ಕು ಮೆಟ್ಟಿಲಿಳಿದರೆ ನನ್ನ ರೊಟ್ಟಿಯಂಗಡಿ.
ಬಾವಿಯಂಥ ಮಣ್ಣಿನೊಲೆ; ಸೊಂಟ ಮುರಿದು ಬಗ್ಗಿ
ದೋಣಿಯಾಕಾರದ ಹಿಟ್ಟನ್ನು ಗೋಡೆಗೆ ಬಡಿದಂಟಿಸಿ
ರೆಪ್ಪೆ ಸುಡುವ ಮುಂಚೆ ತಲೆಯೆತ್ತಬೇಕು.
ಇಷ್ಟೇ ನನ್ನ ವಿದ್ಯೆ: ಬಗ್ಗುವುದು, ಏಳುವುದು.

ಆ ಅಕ್ಟೋಬರಿನಲ್ಲಿ ಬರೀ ಏಳುವುದೇ ಆಯಿತು.
ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಮುಚ್ಚಬೇಕೆನಿಸಲೂ ಇಲ್ಲ.
ಹಿಟ್ಟು ಉಬ್ಬುವ ಸದ್ದು ಕೇಳಿಸುತ್ತಿತ್ತು, ಆಣೆಗೂ.
ಆರುನೂರು ರೊಟ್ಟಿ ಸುಟ್ಟು, ಕೈಗಾಡಿ ತುಂಬಿ,
ಸೇತುವೆಯ ಮೇಲೆ ನಿಂತು ಹಂಚಿದೆ
ಪೊಲೀಸನಿಗೆ, ಮದುವೆಯ ದಿಬ್ಬಣಕ್ಕೆ, ಹೊಳೆಯ ಮೀನಿಗೆ.
ಗಿರಣಿಯಲ್ಲಿ ನಲವತ್ತು ಮೂಟೆ ಸಾಲ ಬರೆಸಿದೆ.
ಜನ ನಕ್ಕರು. ನಾನೂ ನಕ್ಕೆ.
ನನ್ನ ನಗು ನನಗಿಂತ ಒಂದು ಗಜ ಮುಂದೆ ಓಡುತ್ತಿತ್ತು.

ಐದನೆಯ ಬೆಳಗ್ಗೆ ಹಾಸಿಗೆಯಲ್ಲಿ ಕಲೆ.
ಒಗೆಯಲು ಏಳಬೇಕಿತ್ತು. ಏಳಲಿಲ್ಲ.
ಹುದುಗು ಸತ್ತ ಹಿಟ್ಟು ಪಾತ್ರೆಯ ತಳದಲ್ಲಿ
ಹೇಗೆ ಬಿದ್ದಿರುತ್ತದೋ ಹಾಗೆ ಬಿದ್ದಿದ್ದೆ.
ಪಕ್ಕದಂಗಡಿಯ ಜುಜುನಾ, ಚಪ್ಪಲಿ ಹೊಲಿಯುವವಳು,
ಬಂದು ಕಲೆ ತೊಳೆದಳು, ಒಲೆ ಆರಿಸಿದಳು.

ಬೈಪೋಲಾರ್ ಎಂಬ ಹೆಸರು ನನಗೆ ಹನ್ನೊಂದು ವರ್ಷ ಹಳತು.
ಲಿಥಿಯಂ ಮಾತ್ರೆ, ರಕ್ತಪರೀಕ್ಷೆ, ಬೆರಳ ನಡುಕ.
ಕೇಳುವವರೆಲ್ಲ ಕೇಳಿದ್ದರು:
ಅಪ್ಪನಿಗಿತ್ತೇ? ಕುಡಿತವೇ? ಗಂಡನೆಲ್ಲಿ?
ಹೊಟ್ಟೆಯ ಕೆಳಗೊಂದು ಪಂಚಾಂಗವಿದೆಯೆಂದು
ಯಾರಿಗೂ ತೋಚಿರಲಿಲ್ಲ, ನನಗೂ.
ಡಾಕ್ಟರ್ ಮೆದೆಯಾ ಕನ್ನಡಕ ಒರೆಸುತ್ತ ಅಂದಳು,
"ಕೆಂಪು ಪೆನ್ಸಿಲ್ ಮುಟ್ಟಿಗೆ, ನೀಲಿ ನಿದ್ದೆಗೆಟ್ಟ ರಾತ್ರಿಗೆ.
ಸುಳ್ಳು ಮಾತ್ರ ಬರೆಯಬೇಡ."

ಗಿರಣಿಯವರು ವರ್ಷವರ್ಷ ಕೊಡುವ ಕ್ಯಾಲೆಂಡರ್,
ಗೋಧಿತೆನೆಯ ಚಿತ್ರದ್ದು, ಬಾಗಿಲ ಹಿಂದಿನ ಮೊಳೆಗೆ.
ಏಳು ಹಾಳೆ ಹರಿದು ಒಯ್ದೆ.
ಒಂದರ ಮೇಲೊಂದಿಟ್ಟು, ಕೆಂಪಿಗೆ ಕೆಂಪು ಕೂಡಿಸಿ
ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು.
ಬೆಳಕು ಏಳು ತಿಂಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿತು.
ಐದರಲ್ಲಿ, ಕೆಂಪಿಗೆ ಒಂದು ವಾರ ಮೊದಲು,
ನೀಲಿ ಚುಕ್ಕೆಗಳು ತಂತಿಯ ಮೇಲಿನ ಗುಬ್ಬಿಗಳಂತೆ ಸಾಲಾಗಿ.
ಉಳಿದೆರಡರಲ್ಲಿ ಎಲ್ಲೆಂದರಲ್ಲಿ.
"ಎಲ್ಲ ಹೆಂಗಸರಿಗೂ ಹೀಗಲ್ಲ. ನಿನಗೆ ಹೀಗೆ, ಬಹುತೇಕ."

ಬಹುತೇಕ.
ಆ ಪದವನ್ನು ಮನೆಯವರೆಗೂ
ಒಣದ್ರಾಕ್ಷಿಯಂತೆ ನಾಲಗೆಯಡಿ ಇಟ್ಟುಕೊಂಡು ಬಂದೆ.
ಜುಜುನಾ ಚಂದ್ರನನ್ನು ಬೈದಳು. ಪಾಪ, ಅವನದೇನಿದೆ?
ಈ ತಿಂಗಳು ಒಳಗಿನದು,
ಇದಕ್ಕೆ ಹುಣ್ಣಿಮೆಯ ಹಂಗಿಲ್ಲ.

ಈಗ ಇಪ್ಪತ್ತನೆಯ ದಿನದಿಂದ
ಗಲ್ಲದ ಬೀಗದ ಕೈ ಜುಜುನಾಳ ಬಳಿ.
ಒಂಬತ್ತಕ್ಕೆ ದೀಪ ಆರುತ್ತದೆ, ನಾನು ಆರಲಿ ಬಿಡಲಿ.
ಆದರೂ ಮಾರ್ಚಿನಲ್ಲಿ ಬೀಗದ ಕೈ ಕೊಡೆಂದು
ಬೀದಿಗೆಲ್ಲ ಕೇಳುವಂತೆ ಕಳ್ಳಿ ಎಂದೆ ಅವಳನ್ನು.
ಬಾಯಿತುಂಬ ಮೊಳೆ ಕಚ್ಚಿಕೊಂಡಿದ್ದಳು,
ಉತ್ತರ ಕೊಡದೆ ಅಟ್ಟೆ ಬಡಿದಳು.
ದಿನ ಗೊತ್ತಿದ್ದರೆ ಹೊಳೆ ನಿಲ್ಲುತ್ತದೆಯೇ?
ದಂಡೆಯ ಸಾಮಾನು ಮೇಲಿಡಬಹುದು, ಅಷ್ಟೇ.

ಒಂದು ಮಾತು ಡಾಕ್ಟರಿಗೂ ಹೇಳಿಲ್ಲ:
ಆ ಆರುನೂರು ರೊಟ್ಟಿ ಚೆನ್ನಾಗಿದ್ದವು.
ಅಂಥ ಹದ ಮತ್ತೆ ಕೈಗೆ ಸಿಕ್ಕಿಲ್ಲ.
ಅದನ್ನು ಯಾವ ಬಣ್ಣದಲ್ಲಿ ಬರೆಯಲಿ?

ಮೊನ್ನೆ ನಸುಕಿನಲ್ಲಿ ಮಗಳು ತೆಕ್ಲೆ, ಹದಿಮೂರರವಳು,
ನಾಲ್ಕನೇ ಮೆಟ್ಟಿಲ ಮೇಲೇ ನಿಂತು, "ಅಮ್ಮಾ, ಬಂತು," ಅಂದಳು.
ಕೈತುಂಬ ಹಿಟ್ಟು; ಮೊಣಕೈಯಲ್ಲೇ ತಬ್ಬಿಕೊಂಡೆ.
ಅವಳು ನನ್ನ ಭುಜದಾಚೆ ಕ್ಯಾಲೆಂಡರ್ ನೋಡಿದಳು,
ಪೆನ್ಸಿಲ್ ಕೇಳಿದಳು. ಕೆಂಪು ಕೊಟ್ಟೆ.
"ಇನ್ನೊಂದು?"
"ಅದು ಮುರಿದುಹೋಗಿದೆ," ಅಂದೆ.
ಏಪ್ರನ್ನಿನ ಜೇಬಿನಲ್ಲಿ, ಹೊಸದಾಗಿ ಹೆರೆದದ್ದು,
ತೊಡೆಗೆ ಚುಚ್ಚುತ್ತಿತ್ತು.