ಧಕ್ಕೆ

ಬೆಳಗಿನ ಜಾವ ನಾಲ್ಕೂವರೆಗೆ ಮಂಗಳೂರಿನ ಬಂದರಿನಲ್ಲಿ
ಹಮ್ಮಬ್ಬ ಬಂಗುಡೆಯ ಪೆಟ್ಟಿಗೆಗೆ
ಕೊಕ್ಕೆ ಸಿಕ್ಕಿಸಿ ಎಳೆಯುತ್ತಾನೆ.
ಹಗ್ಗ ಬಿಗಿಯುತ್ತದೆ. ಪೆಟ್ಟಿಗೆ ಕದಲುವುದಿಲ್ಲ.
ಮತ್ತಷ್ಟು ಬಿಗಿಯುತ್ತದೆ. ಇಲ್ಲ.
ಹಿಮ್ಮಡಿ ಊರುತ್ತಾನೆ, ಬೈಗುಳವೊಂದನ್ನು ಅರ್ಧ ನುಂಗುತ್ತಾನೆ,
ಅಷ್ಟರಲ್ಲಿ ಅದು ಗಕ್ಕನೆ ಒಂದು ಮೊಳ ಜಿಗಿದು
ಮತ್ತೆ ಕೂತುಬಿಡುತ್ತದೆ, ಏನೂ ಆಗದ ಹಾಗೆ.
ಒಳಗೆ ಐಸು ಮಾತ್ರ ಗಲಗಲ.

ನನಗೆ ಸಂಬಳ ಕೊಡುವುದು ಇಷ್ಟಕ್ಕೇ.
ಸುರತ್ಕಲ್ಲಿನ ಎರಡನೇ ಮಹಡಿಯಲ್ಲಿ
ಇದೇ ಹಗ್ಗ, ಇದೇ ಪೆಟ್ಟಿಗೆಯನ್ನು
ಸಮೀಕರಣದೊಳಗೆ ಕೂರಿಸಿ,
ಎಲ್ಲೋ ಹಿಮಾಲಯದ ಬುಡದ ಸ್ತರಭಂಗವೊಂದನ್ನು
ಸಣ್ಣ ಸಣ್ಣ ಚೌಕ ಕೊಯ್ದು
ಒಂದೊಂದನ್ನೂ ಕೇಳುತ್ತೇನೆ:
ನಿನ್ನ ಮೇಲೆಷ್ಟು ಭಾರ? ಎಂದಿನಿಂದ ಕೂತಿದ್ದೀ?
ಪಕ್ಕದವನು ಜಾರಿದರೆ ನೀನೇನು ಮಾಡುತ್ತೀ?
ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು ಅಂಟು,
ಕಲ್ಲಿಗೂ ಇದೇ ನಿಯಮ.

ಕಂಪ್ಯೂಟರು ರಾತ್ರಿಯಿಡೀ ಗುಂಯ್ಗುಟ್ಟಿ
ಮೂರು ಸಾವಿರ ವರ್ಷ ದಾಟುತ್ತದೆ.
ಅದರೊಳಗೆ ಎಷ್ಟೋ ಸಲ ಊರುಗಳು ಬಿದ್ದಿವೆ,
ನನ್ನ ಚಹಾದ ಕೆನೆ ಕೂಡ ಅಲುಗಿಲ್ಲ.
ಒಮ್ಮೆ ಘರ್ಷಣೆಯ ಅಂಕಿಯಲ್ಲಿ
ದಶಾಂಶದ ಮೂರನೇ ಮನೆ ಬದಲಿಸಿದೆ, ಅಷ್ಟೆ,
ಅದೇ ಕಂಪನ ನಲವತ್ತು ವರ್ಷ ಆಚೆ ಹೋಯಿತು.
ನಲವತ್ತು ವರ್ಷ!
ಒಬ್ಬಳು ಹುಟ್ಟಿ, ಮೀನು ಮಾರಿ,
ಮಗಳ ಮದುವೆಯನ್ನೂ ಮಾಡಿ ಮುಗಿಸುವಷ್ಟು.

ಜಲಜಕ್ಕ ಬುಟ್ಟಿ ಇಳಿಸಿ ಕೇಳಿದಳು:
"ಟೀಚರೇ, ನಿಮ್ಮ ಮಿಶನು ದಿನ ಹೇಳ್ತದಾ?"
ಇಲ್ಲ.
"ವಾರ?"
ಇಲ್ಲ. ಇಂತಿಷ್ಟು ವರ್ಷದೊಳಗೆ, ನೂರಕ್ಕೆ ಇಷ್ಟು ಪಾಲು...
"ಹಾಗಾದ್ರೆ ಇವತ್ತು ಅಂಜಲ್ ತಕ್ಕೊಳ್ಳಿ,
ಕಿಲೋಗೆ ಐವತ್ತು ಬಿಡ್ತೇನೆ."

ದೋಣಿ ಕಟ್ಟುವ ಕಟ್ಟೆಗೂ ಧಕ್ಕೆ, ಏಟಿಗೂ ಧಕ್ಕೆ.
ಇಲ್ಲಿನ ಮಾತಿಗೆ ಎರಡೂ ಒಂದೇ ಉಸಿರು.
ಇಷ್ಟು ವರ್ಷ ಇಲ್ಲಿ ಮೀನು ಕೊಂಡವಳಿಗೆ
ಇದು ಕೇಳಿಸಿದ್ದು ಇವತ್ತೇ.

ಹಮ್ಮಬ್ಬ ಇನ್ನೊಂದಕ್ಕೆ ಕೊಕ್ಕೆ ಹಾಕಿದ.
ಪೆಟ್ಟಿಗೆಯ ತೂಕ ಗೊತ್ತು. ನೆಲದ ಒದ್ದೆ ಗೊತ್ತು.
ಅವನ ಎಡ ತೋಳಿನ ಹಳೇ ನೋವೂ ಗೊತ್ತು.
ಹಗ್ಗದ ಎಳೆಯೊಂದು ಕಿರ್ರೆಂದಿತು.
ಉಸಿರು ಹಿಡಿದು, ಮನಸ್ಸಿನಲ್ಲೇ ಎಣಿಸಿ,
ಈಗ, ಎಂದೆ.

ಆಗಲಿಲ್ಲ.

ಮತ್ತೆ ಎಣಿಸಿ, ಈ... ಎನ್ನುವಷ್ಟರಲ್ಲಿ
ಪೆಟ್ಟಿಗೆ ನನ್ನ ಕಾಲ್ಬೆರಳ ಮೇಲಿತ್ತು.